ಕೊಡಗಿನಲ್ಲಿ ಸುಮ್ಮನೆ ಬಸ್ಸು ಹತ್ತುವವರಿಗೆ: ದಾರಿ, ಹೊತ್ತು, ಸೀಟು ಆರಿಸುವ ಬಗೆ

"ಎಲ್ಲಿಗೆ?"

"ಈ ಬಸ್ಸು ಎಲ್ಲಿವರೆಗೆ ಹೋಗ್ತದೋ ಅಲ್ಲಿಗೆ."

ಕಕ್ಕಬ್ಬೆ ಕಡೆಗೆ ಹೊರಟಿದ್ದ ಬಸ್ಸಿನಲ್ಲಿ ಮೊದಲ ಸಲ ಹೀಗೆ ಹೇಳಿದಾಗ ಕಂಡಕ್ಟರು ಟಿಕೆಟ್ ಕೊಡುವ ಕೈ ಹಿಂದಕ್ಕೆಳೆದು "ಅಲ್ಲಿ ಯಾರ ಮನೆ?" ಅಂತ ಕೇಳಿದ್ದರು. ಯಾರ ಮನೆಯೂ ಇಲ್ಲ, ಬಸ್ಸಲ್ಲಿ ಕೂರಲಿಕ್ಕೇ ಬಂದದ್ದು ಅಂದೆ. ಅವರು ನಂಬಲಿಲ್ಲ. ಇಳಿಯುವಾಗ ಮಾತ್ರ "ವಾಪಸ್ ಇದೇ ಗಾಡಿ, ಇಪ್ಪತ್ತು ನಿಮಿಷ. ಚಾ ಕುಡಿದು ಬನ್ನಿ" ಅಂದರು. ಬಸ್ಸಿನ ಹುಚ್ಚು ಇರುವವರಿಗೆ ಕೊಡಗು ಕೊಡುವುದು ಇಷ್ಟನ್ನೇ, ಮತ್ತು ಇದು ಸಣ್ಣದಲ್ಲ.

ಬೆಂಗಳೂರಿನ ಗೆಳೆಯರು ನಗರ ಸಾರಿಗೆಯ ನಂಬರು, ಮೆಟ್ರೋದ ಬಣ್ಣ ಹಿಡಿದು ಮಾತಾಡುವಾಗ ನಾವು ಸುಮ್ಮನಿರಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಮಾರ್ಗದ ಮಾತು ವರ್ಷಗಳಿಂದ ಕಾಗದದ ಮೇಲೆ ಓಡುತ್ತಿದೆ. ನಾನು ಚಿಕ್ಕವನಾಗಿದ್ದಾಗ ಕಂಡ ರೈಲೆಂದರೆ ಮಡಿಕೇರಿ ರಾಜಾಸೀಟಿನ ಪಕ್ಕದ ಪುಟಾಣಿ ರೈಲು ಒಂದೇ. ಆದರೆ 4,102 ಚದರ ಕಿ.ಮೀ.ನ ಈ ಜಿಲ್ಲೆಯಿಂದ ಬಸ್ಸುಗಳು ಇಳಿಯುವ ಘಾಟಿಗಳನ್ನು ನೋಡಿ: ಸಂಪಾಜೆ, ಮಾಕುಟ್ಟ, ಕರಿಕೆ. ಇನ್ನೊಂದು ಕಡೆ ತಿತಿಮತಿಯ ಕಾಡು, ಆನೆಕಾಡು. ನಗರದಲ್ಲಿ ರೂಟು ಆರಿಸುವುದು ನಕ್ಷೆ ನೋಡಿ. ಇಲ್ಲಿ ಹಾಗಲ್ಲ. ಒಂದೇ ದಾರಿಯ ಏಳು ಗಂಟೆಯ ಬಸ್ಸು, ಹನ್ನೊಂದರ ಬಸ್ಸು, ಸಂಜೆ ಐದರ ಬಸ್ಸು ಮೂರೂ ಬೇರೆ ಬೇರೆ ಪ್ರಯಾಣ. ಆದ್ದರಿಂದ ಊರು ಆರಿಸುವ ಮೊದಲು ಹೊತ್ತು ಆರಿಸಿ. ಇಡೀ ಬರಹದಲ್ಲಿ ನಾನು ಹೇಳುವುದು ಸುತ್ತಿಬಳಸಿ ಇದನ್ನೇ.

ಬೋರ್ಡಿನ ಕೆಳಗಿನ ಸಾಲು

ಎಲ್ಲರೂ ಓದುವುದು ದೊಡ್ಡಕ್ಷರದ ಕೊನೆಯ ಊರನ್ನು. ನೀವು ಓದಬೇಕಾದದ್ದು ಅದರ ಕೆಳಗೆ ಸಣ್ಣಕ್ಷರದಲ್ಲಿರುವ "ಮಾರ್ಗ". ಮಡಿಕೇರಿಯಿಂದ ವಿರಾಜಪೇಟೆಗೆ ಮೂರ್ನಾಡು ಮೇಲೆ ಹೋದರೆ ಸುಮಾರು 30 ಕಿ.ಮೀ. ಅದೇ ಊರನ್ನು ಚೆಟ್ಟಳ್ಳಿ, ಸಿದ್ದಾಪುರ, ಅಮ್ಮತ್ತಿ ಸುತ್ತಿಯೂ ತಲುಪಬಹುದು, ನಾಪೋಕ್ಲು, ಕಕ್ಕಬ್ಬೆ ಸುತ್ತಿಯೂ ತಲುಪಬಹುದು. ಮೈಸೂರಿಗೂ ಹಾಗೆಯೇ: ಒಂದು ದಾರಿ ಕುಶಾಲನಗರ, ಪಿರಿಯಾಪಟ್ಟಣದ ಮೇಲೆ, ಇನ್ನೊಂದು ಗೋಣಿಕೊಪ್ಪ, ತಿತಿಮತಿಯ ಮೇಲೆ. ಎರಡೂ ಹುಣಸೂರಿನಲ್ಲಿ ಸೇರುತ್ತವೆ. ಅವಸರದವರಿಗೆ ಸುತ್ತು ದಾರಿ ಶಿಕ್ಷೆ. ನಮಗೆ ಅದೇ ಬೇಕು.

ಮಡಿಕೇರಿಯಲ್ಲಿ ಸರ್ಕಾರಿ ಬಸ್ ನಿಲ್ದಾಣ ಬೇರೆ, ಖಾಸಗಿ ಬಸ್ ನಿಲ್ದಾಣ ಬೇರೆ. ಹೊರಗಿನಿಂದ ಬಂದವರು ಸರ್ಕಾರಿ ನಿಲ್ದಾಣದಲ್ಲಿ ನಿಂತು "ಬಸ್ಸೇ ಇಲ್ಲ" ಅಂದುಕೊಳ್ಳುತ್ತಾರೆ. ಒಳಗಿನ ಊರುಗಳಿಗೆ ಹೋಗುವುದು ಹೆಚ್ಚಾಗಿ ಖಾಸಗಿ ಬಸ್ಸು. ಅವುಗಳ ಸಮಯ ಮೊಬೈಲಿನಲ್ಲಿ ಸಿಗುವುದಿಲ್ಲ, ನಿಲ್ದಾಣದ ಪಕ್ಕದ ಬೀಡಾ ಅಂಗಡಿಯಲ್ಲಿ ಸಿಗುತ್ತದೆ. ಕೇಳುವಾಗ "ಬಸ್ಸು ಎಷ್ಟಕ್ಕೆ?" ಅಂತ ಮಾತ್ರ ಕೇಳಬೇಡಿ. "ಇದರ ನಂತರ ಯಾವುದು? ವಾಪಸ್ ಕೊನೆಯದು ಯಾವುದು?" ಅಂತಲೂ ಕೇಳಿ. ಎರಡು ಬೇರೆ ಬೇರೆ ಬಾಯಲ್ಲಿ ಒಂದೇ ಉತ್ತರ ಬಂದರೆ ಆ ಬಸ್ಸು ನಿಜವಾಗಿ ಇದೆ ಅಂತ ಲೆಕ್ಕ.

ನಂಬರ್ ಪ್ಲೇಟು ಓದುವ ಚಟ ಇದ್ದವರಿಗೆ ಇಲ್ಲಿ ಹಬ್ಬ. ಸರ್ಕಾರಿ ಬಸ್ಸಿನ ನಂಬರಿನಲ್ಲಿ "ಎಫ್" ಇರುತ್ತದೆ. ಮಡಿಕೇರಿ ಡಿಪೋ ಪುತ್ತೂರು ವಿಭಾಗಕ್ಕೆ ಸೇರಿದ್ದು, ಹಾಗಾಗಿ ನಮ್ಮ ಬೆಟ್ಟದ ಗಾಡಿಗಳಲ್ಲಿ ಕರಾವಳಿಯ ಕೆಎ-21 ಕಾಣುತ್ತದೆ. ಕೆಎ-09 ಮೈಸೂರಿನದು, ಕೆಎ-13 ಹಾಸನದ್ದು, ಇಲ್ಲಿಯ ಖಾಸಗಿ ಗಾಡಿಗಳದ್ದು ಕೆಎ-12. ವಿರಾಜಪೇಟೆಯಲ್ಲೋ ಕುಟ್ಟದಲ್ಲೋ ಕೆಎಲ್-15 ಕಂಡರೆ ಅದು ಕೇರಳದ ಸರ್ಕಾರಿ ಬಸ್ಸು. ಅರ್ಧ ಗಂಟೆ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತರೆ ಯಾವ ಘಾಟಿ ತೆರೆದಿದೆ, ಯಾವ ಕಡೆಯ ಗಾಡಿ ತಡವಾಗಿದೆ ಎಂಬುದು ಪ್ಲೇಟುಗಳಲ್ಲೇ ಗೊತ್ತಾಗುತ್ತದೆ.

ಹೊತ್ತು

ಬೆಳಗ್ಗಿನ ಮೊದಲ ಬಸ್ಸು ಅಂದರೆ ಹೆಚ್ಚಿನ ಸಲ ಹಳ್ಳಿಯಲ್ಲಿ ರಾತ್ರಿ ಹಾಲ್ಟ್ ಮಾಡಿದ ಬಸ್ಸು. ಹಿಂದಿನ ಸಂಜೆ ಕೊನೆಯ ಟ್ರಿಪ್ಪಿನಲ್ಲಿ ಹೋಗಿ, ಡ್ರೈವರು ಕಂಡಕ್ಟರು ಅಲ್ಲೇ ಮಲಗಿ, ಮುಂಜಾನೆ ಪೇಟೆಗೆ ಬರುತ್ತದೆ. ಅದರಲ್ಲಿ ಆಸ್ಪತ್ರೆಗೆ ಹೋಗುವವರು, ತಾಲ್ಲೂಕು ಕಚೇರಿಯ ಕಾಗದ ಹಿಡಿದವರು ಇರುತ್ತಾರೆ. ಮಾತು ಕಡಿಮೆ, ಮಂಕಿ ಟೋಪಿ ಜಾಸ್ತಿ. ಎಂಟೂವರೆಯದ್ದು ಶಾಲೆ ಮಕ್ಕಳದ್ದು. ಕಿಟಕಿಯ ಸೀಟು ಬಿಡಿ, ನಿಲ್ಲಲೂ ಜಾಗವಿಲ್ಲ, ಅದನ್ನು ಬಿಟ್ಟುಬಿಡಿ. ನಿಮ್ಮ ಸುತ್ತಾಟಕ್ಕೆ ಆ ಮಕ್ಕಳ ಜಾಗ ಹೋಗುವುದು ಸರಿಯೂ ಅಲ್ಲ. ಹತ್ತೂವರೆಯಿಂದ ಮೂರರವರೆಗೆ ಬಸ್ಸು ಖಾಲಿ ಇರುತ್ತದೆ, ಡ್ರೈವರಿಗೂ ಮಾತಿಗೆ ಪುರುಸೊತ್ತು. ಹೊಸಬರಿಗೆ ನಾನು ಹೇಳುವುದು ಈ ಹೊತ್ತನ್ನೇ.

ಇವುಗಳ ನಡುವೆ ಏಳು ಗಂಟೆಯ ಬಸ್ಸಿದೆ. ನನಗೆ ಅದೇ ಇಷ್ಟ. ನಾಪೋಕ್ಲು ದಾರಿಯಲ್ಲಿ ಒಂದು ಡಿಸೆಂಬರ್ ಬೆಳಗ್ಗೆ ಡ್ರೈವರ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಬಾನೆಟ್ಟಿನ ಮೇಲೆ 'ಶಕ್ತಿ' ಪತ್ರಿಕೆಯ ಕಟ್ಟು, ಅದರ ಮೇಲೊಂದು ಔಷಧಿ ಪೊಟ್ಟಣ, ಪಕ್ಕದಲ್ಲಿ ಬೆಲ್ಟು ಹರಿದು ರಿಪೇರಿಯಾಗಿ ಬಂದ ಶಾಲೆಬ್ಯಾಗು. ಒಂದು ತೋಟದ ಗೇಟಿನ ಹತ್ತಿರ ಬಸ್ಸು ನಿಲ್ಲಲಿಲ್ಲ, ಎರಡನೇ ಗೇರಿಗೆ ಇಳಿಯಿತು ಅಷ್ಟೆ. ಕಂಡಕ್ಟರು ಬಾಗಿಲಲ್ಲಿ ನಿಂತು ಪತ್ರಿಕೆಯನ್ನು ಸುರುಳಿ ಮಾಡಿ ಬೀಸಿದರು. ಅದು ಗೇಟು ದಾಟಿ ಕಾಫಿ ಒಣಗಲು ಹಾಕಿದ್ದ ಕಣದ ಅಂಚಿಗೆ ಬಿತ್ತು. ನಾಯಿ ಓಡಿಬಂದು ಕಚ್ಚಿಕೊಂಡು ಹೋಯಿತು. ಮುಂದಿನ ತಿರ್ಗಾಸಿನಲ್ಲಿ ಒಬ್ಬರು ಅಜ್ಜಿ ಕೈ ಅಡ್ಡ ಹಿಡಿದು, ಹತ್ತದೆ, ಔಷಧಿ ಮಾತ್ರ ಇಸಕೊಂಡು "ದುಡ್ಡು ನಾಳೆ" ಅಂದರು. "ಆಯ್ತಜ್ಜಿ, ರೈಟ್!" ಮಡಿಕೇರಿಯಲ್ಲಿ 1957ರಿಂದ ಅಚ್ಚಾಗುವ ಪತ್ರಿಕೆ ಆ ಮನೆಗೆ ತಲುಪುವುದು ಹೀಗೆ. (ಈಗ ಬಸ್ಸಿನಲ್ಲಿ 'ಶಕ್ತಿ' ಅಂದರೆ ಹೆಂಗಸರ ಉಚಿತ ಟಿಕೆಟ್ಟು ಎಂದೇ ಎಲ್ಲರಿಗೂ ಅರ್ಥ. ನಮ್ಮ ಕಡೆ ಮಾತ್ರ ಇನ್ನೂ ಎರಡು ಶಕ್ತಿ.)

ಇನ್ನು ತಿಂಗಳು. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಬಿದ್ದು ಏಳೆಂಟು ದಿನಕ್ಕೆ ಕಾಫಿ ಹೂ ಅರಳುತ್ತದೆ. ಆಗ ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿಯ ತೋಟಗಳ ನಡುವಿನ ಯಾವ ಬಸ್ಸಾದರೂ ಸರಿ, ಕಿಟಕಿ ಪೂರ್ತಿ ತೆರೆದಿಡಿ. ಮಲ್ಲಿಗೆಗೆ ಹತ್ತಿರದ ಆ ವಾಸನೆ ಡೀಸೆಲ್ಲಿನ ವಾಸನೆಯನ್ನೂ ಮೀರಿ ಒಳಗೆ ಬರುತ್ತದೆ. ಹೂ ನಿಲ್ಲುವುದು ಮೂರು ನಾಲ್ಕು ದಿನ, ಆದ್ದರಿಂದ ಮಳೆ ಬಿದ್ದ ದಿನವನ್ನು ಬರೆದಿಟ್ಟುಕೊಳ್ಳಿ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ವಿಶೇಷ ಬಸ್ಸುಗಳು ಹೊರಡುತ್ತವೆ. ಕುಂಡಿಕೆಯಲ್ಲಿ ಕಾವೇರಿ ಉಕ್ಕುವ ತೀರ್ಥೋದ್ಭವ ರಾತ್ರಿಯ ಹೊತ್ತಿಗೆ ಬಂದರೆ ಭಾಗಮಂಡಲದ ಬೆಟ್ಟದ ದಾರಿಯುದ್ದಕ್ಕೂ ಹೆಡ್‌ಲೈಟಿನ ಮಾಲೆ ನೋಡಬಹುದು. ಮಡಿಕೇರಿ ದಸರಾದ ರಾತ್ರಿ ಮಾತ್ರ ಬಸ್ಸಿನ ಆಸೆ ಇಟ್ಟುಕೊಳ್ಳಬೇಡಿ. ದೇವಸ್ಥಾನಗಳ ಹತ್ತು ಅಲಂಕೃತ ಮಂಟಪಗಳು ಬೀದಿಗಿಳಿದ ಮೇಲೆ ಪೇಟೆಯೊಳಗೆ ಚಕ್ರ ಉರುಳುವುದಿಲ್ಲ.

ಯಾವ ದಾರಿ

ಮೊದಲ ಸಲದವರಿಗೆ ಸಂಪಾಜೆ. ಮಡಿಕೇರಿಯಿಂದ ಸುಳ್ಯಕ್ಕೆ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಬಸ್ಸು ಮದೆನಾಡು, ಜೋಡುಪಾಲ, ಕೊಯನಾಡು ಹಾದು ಇಳಿಯುತ್ತದೆ. ಸುಳ್ಯ ತಲುಪುವಷ್ಟರಲ್ಲಿ ಸುಮಾರು ಸಾವಿರ ಮೀಟರ್ ಕೆಳಗೆ ಬಂದಿರುತ್ತೀರಿ, ಕಿವಿ ಎರಡು ಸಲ ಮುಚ್ಚಿ ತೆರೆಯುತ್ತದೆ. ಕಿವಿ ತೆರೆದಾಗ ಸದ್ದನ್ನು ಗಮನಿಸಿ. ಒಳ್ಳೆಯ ಡ್ರೈವರು ಬ್ರೇಕು ತುಳಿಯುವುದು ಕಡಿಮೆ. ಗೇರು ಇಳಿಸಿ ಎಂಜಿನ್ನಿನಲ್ಲೇ ಗಾಡಿಯನ್ನು ಹಿಡಿಯುತ್ತಾರೆ, ಅದು ಒಂದೇ ಸಮ ಗೊಣಗುವ ದನಿ. ಯಾವಾಗ ನೋಡಿದರೂ ಬ್ರೇಕಿನ ಗಾಳಿ ಬಿಡುವ "ಚುಸ್" ಕೇಳುತ್ತಿದ್ದರೆ ಡ್ರೈವರು ಈ ದಾರಿಗೆ ಹೊಸಬರು. ಮೇಲೆ ಸ್ವೆಟರು, ಕೆಳಗೆ ಬೆವರು. ಮೇಲೆ ಕೊಡವ ತಕ್ಕ್, ಅರೆಭಾಷೆ, ಕೆಳಗೆ ತುಳು. ಗಡಿಯ ಫಲಕ ಬರುವ ಮೊದಲೇ ಹತ್ತುವವರ ಮಾತು ಬದಲಾಗಿರುತ್ತದೆ, ಕಾಫಿ ಗಿಡದ ಜಾಗಕ್ಕೆ ಅಡಿಕೆ, ರಬ್ಬರು ಬಂದಿರುತ್ತವೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿಯಲ್ಲಿ ಗುಡ್ಡ ಕುಸಿದು ಜೀವಗಳು ಹೋದದ್ದು ಇದೇ ದಾರಿಯಲ್ಲಿ. ಆ ಗುಡ್ಡಗಳನ್ನು ಕಿಟಕಿಯಿಂದ ತೋರಿಸಿ ಗಟ್ಟಿಯಾಗಿ ಮಾತಾಡಬೇಡಿ. ಪಕ್ಕದ ಸೀಟಿನವರ ಮನೆ ಅಲ್ಲಿದ್ದಿರಬಹುದು.

ಮಾಕುಟ್ಟ ಇದಕ್ಕಿಂತ ಕಾಡು. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿದರೆ ಇರಿಟ್ಟಿ ಕಡೆಗೆ ಇಳಿಜಾರು, ಬಹಳ ದೂರ ಮನೆಯೇ ಕಾಣದು. ಕೂಟುಪುಳದ ಸೇತುವೆ ದಾಟಿದ ಕೂಡಲೇ ಬೋರ್ಡುಗಳೆಲ್ಲ ಮಲಯಾಳದವು. ಕಣ್ಣೂರು ಬಸ್ಸುಗಳು ಈ ದಾರಿಯಲ್ಲಿ ಓಡುತ್ತವೆ. ಹೊಟ್ಟೆ ತೊಳಸುವವರು ಹಿಂದಿನ ದಿನದಿಂದಲೇ ಯೋಚಿಸಿ. ಘಾಟಿ ಹತ್ತುವಾಗ ಹಾಗಲ್ಲ, ಇಳಿಯುವಾಗಲೇ ತೊಂದರೆ. ಇರಿಟ್ಟಿಯಲ್ಲಿ ಇಳಿದು ಪರೋಟ ತಿಂದು ಇನ್ನೊಂದು ಬಸ್ಸಿನಲ್ಲಿ ಮೇಲೆ ಬಂದರೆ ಅರ್ಧ ದಿನಕ್ಕೆ ಎರಡು ಪ್ರಯಾಣ. ಒಂದೇ ರಸ್ತೆ ಆದರೂ ಹತ್ತುವಾಗ ಅದು ಬೇರೆಯದೇ.

ಮಡಿಕೇರಿಯಿಂದ ಭಾಗಮಂಡಲ ಸುಮಾರು 40 ಕಿ.ಮೀ., ಅಲ್ಲಿಂದ ತಲಕಾವೇರಿ 8. ಬೆಟ್ಟಗೇರಿ, ಚೇರಂಬಾಣೆ ದಾರಿಯ ಗದ್ದೆಗಳನ್ನು ನವೆಂಬರಿನಲ್ಲಿ ನೋಡಬೇಕು, ಸುಗ್ಗಿಹಬ್ಬ ಪುತ್ತರಿಗೆ ಮುಂಚೆ, ಭತ್ತ ಹಳದಿಗೆ ತಿರುಗಿರುವಾಗ. ಆದರೆ ನನ್ನ ಮಾತು ಕೇಳುವುದಾದರೆ ತಲಕಾವೇರಿವರೆಗೆ ಬಸ್ಸಿನಲ್ಲೇ ಹೋಗಬೇಕೆಂದು ಹಟ ಹಿಡಿಯಬೇಡಿ. ಆ 8 ಕಿ.ಮೀ.ಗೆ ಬಸ್ಸು ಕಡಿಮೆ, ಪ್ರವಾಸಿಗಳ ಕಾರು ಜಾಸ್ತಿ. ಭಾಗಮಂಡಲದಲ್ಲೇ ಇಳಿದು ಸಂಗಮದ ಹತ್ತಿರ ಕೂತು ಬರುವ ಹೋಗುವ ಗಾಡಿ ನೋಡುವುದು ಮೇಲು. ಅಲ್ಲಿಂದ ಕರಿಕೆ ಕಡೆಗೆ ಇಳಿಯುವ ರಸ್ತೆ ಕೇರಳದ ಪಾಣತ್ತೂರು, ಕಾಞಂಗಾಡಿಗೆ ಹೋಗುತ್ತದೆ. ಅಗಲ ಕಡಿಮೆ, ಮರ ದಟ್ಟ. ಎದುರು ಲಾರಿ ಬಂದರೆ ಯಾರೋ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಆಗ ಕಂಡಕ್ಟರು ಇಳಿದು ಬಸ್ಸಿನ ಬೆನ್ನು ತಟ್ಟುತ್ತಾ "ಬರ್ಲಿ, ಬರ್ಲಿ, ಬರ್ಲಿ… ವೋಲ್ಡಾನ್!" ಎನ್ನುವುದನ್ನು ಕೇಳಲಿಕ್ಕಾದರೂ ಒಮ್ಮೆ ಹೋಗಬೇಕು.

ಅಲ್ಲೇ ನಾನು ಕೆಟ್ಟದ್ದು. ಒಮ್ಮೆ ಭಾಗಮಂಡಲದಲ್ಲಿ ಕೊನೆಯ ಬಸ್ಸನ್ನು ನಂಬಿ ಕೂತಿದ್ದೆ. ಆ ದಿನ ಅದು ಬರಲೇ ಇಲ್ಲ. ಮದುವೆಗೆ ಬಾಡಿಗೆ ಹೋಗಿತ್ತಂತೆ. ಮದುವೆ ಸೀಸನ್ನಿನಲ್ಲಿ, ಅದರಲ್ಲೂ ಭಾನುವಾರ, ಕೆಲವು ಬಸ್ಸುಗಳ ಟ್ರಿಪ್ಪು ಹೀಗೆ ಮಾಯವಾಗುತ್ತದೆ. ಹೇಳುವವರಿಲ್ಲ, ಕೇಳುವವರಿಲ್ಲ. ಒಂದು ತರಕಾರಿ ಪಿಕಪ್ಪಿನ ಹಿಂದೆ ಖಾಲಿ ಕ್ರೇಟುಗಳ ನಡುವೆ ಮೂರ್ನಾಡಿಗೆ ಬಂದೆ. ಅಂದಿನಿಂದ ನನ್ನ ಲೆಕ್ಕ: ಕೊನೆಯ ಬಸ್ಸು ಇಲ್ಲವೆಂದೇ ತಿಳಿದು, ಕೊನೆಯದರ ಹಿಂದಿನದನ್ನು ಹಿಡಿಯುವುದು.

ಪೂರ್ವದ ದಾರಿಗಳು ಸಲೀಸು. ಕುಶಾಲನಗರದಿಂದ ಸುಂಟಿಕೊಪ್ಪಕ್ಕೆ ಬರುವಾಗ ಆನೆಕಾಡಿನಲ್ಲಿ ಎರಡೂ ಕಡೆ ಕಣ್ಣಿಡಿ. ಗೋಣಿಕೊಪ್ಪದಿಂದ ಹುಣಸೂರಿಗೆ ಹೋಗುವ ತಿತಿಮತಿ ದಾರಿ ನಾಗರಹೊಳೆಯ ಅಂಚಿನ ಕಾಡು, ಜಿಂಕೆಯಂತೂ ಖಾತ್ರಿ. ಕುಟ್ಟದಿಂದ ನಾಗರಹೊಳೆಯ ಒಳಗಿನ ರಸ್ತೆಗೆ ಗೇಟಿದೆ, ಸಂಜೆ 6ಕ್ಕೆ ಮುಚ್ಚಿದರೆ ಬೆಳಗ್ಗೆ 6ಕ್ಕೆ ತೆರೆಯುವುದು. ಪೊನ್ನಂಪೇಟೆ, ಶ್ರೀಮಂಗಲ ದಾಟಿ ಕುಟ್ಟದ ತುದಿಗೆ ಹೋದರೆ ಮಾನಂದವಾಡಿಯ ಬಸ್ಸು ಸಿಗುತ್ತದೆ. ಮಡಿಕೇರಿಯಿಂದ ಹಟ್ಟಿಹೊಳೆ, ಮಾದಾಪುರದ ಮೇಲೆ ಸೋಮವಾರಪೇಟೆಗೆ ಹೋಗುವ ದಾರಿ ಇವೆಲ್ಲಕ್ಕಿಂತ ಕಡಿಮೆ ಹೆಸರಿನದು. ನನಗೆ ಕೇಳಿದರೆ ಅನ್ಯಾಯ ಅದು.

ಗಾಡಿ ಯಾವುದು, ಸೀಟು ಯಾವುದು

ಬೆಂಗಳೂರಿನಿಂದ ಮಡಿಕೇರಿಗೆ ಎಲೆಕ್ಟ್ರಿಕ್ 'ಇವಿ ಪವರ್ ಪ್ಲಸ್' ಬರುತ್ತದೆ, ಐರಾವತ, ರಾಜಹಂಸಗಳೂ ಇವೆ. ಬರುವುದಕ್ಕೆ ಅವು ಚೆನ್ನ. ಎಲೆಕ್ಟ್ರಿಕ್ ಗಾಡಿ ಏರು ಹತ್ತುವಾಗ ಸದ್ದೇ ಇಲ್ಲದಿರುವುದು ವಿಚಿತ್ರ ಅನುಭವ, ಒಮ್ಮೆ ನೋಡಿ. ಆದರೆ ಗಾಜು ತೆರೆಯದ ಬಸ್ಸಿನಲ್ಲಿ ಕೊಡಗು ನೋಡುವುದು ಟೀವಿಯಲ್ಲಿ ನೋಡಿದ ಹಾಗೆ. ಇಲ್ಲಿಗೆ ತಲುಪಿದ ಮೇಲೆ ಕೆಂಪು 'ಕರ್ನಾಟಕ ಸಾರಿಗೆ' ಅಥವಾ ಖಾಸಗಿ ಬಸ್ಸು ಹತ್ತಿ. 2025ರ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇ 15 ಏರಿದೆ. ಆದರೂ ಜೀಪು ಬಾಡಿಗೆಯ ಮುಂದೆ ಅದು ಏನೂ ಅಲ್ಲ. ರಾಜ್ಯದ ಹೆಂಗಸರಿಗೆ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಟಿಕೆಟ್ಟಿಗೆ ದುಡ್ಡಿಲ್ಲ, ಗುರುತಿನ ಚೀಟಿ ಇಟ್ಟುಕೊಳ್ಳಿ. ಖಾಸಗಿ ಬಸ್ಸಿಗೆ ಅದು ಅನ್ವಯಿಸದು. ಎರಡರಲ್ಲೂ ಚಿಲ್ಲರೆ ಇದ್ದವರೇ ರಾಜರು.

ಮುಂದಿನ ಸಾಲು ಹೆಂಗಸರ ಸೀಟು. ದೃಶ್ಯ ಚೆನ್ನಾಗಿದೆ ಅಂತ ಗಂಡಸರು ಅಲ್ಲಿ ಕೂತು ಎಬ್ಬಿಸಿಕೊಳ್ಳಬೇಡಿ. ನನ್ನ ಆಯ್ಕೆ ಡ್ರೈವರ ಬೆನ್ನಿಗಿರುವ ಕಿಟಕಿ. ಗೇರು, ಕನ್ನಡಿ, ಎದುರು ರಸ್ತೆ ಮೂರೂ ಕಾಣುತ್ತವೆ, ಮಳೆಗಾಲದಲ್ಲಿ ಎಂಜಿನ್ನಿನ ಬಿಸಿಯೂ ಸಿಗುತ್ತದೆ. ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಮೂರ್ನಾಡು ದಾಟುವಷ್ಟರಲ್ಲಿ ಸೊಂಟ ಮಾತಾಡುತ್ತದೆ. ಎಡವೋ ಬಲವೋ ಎಂಬುದಕ್ಕೆ ಬಿಸಿಲನ್ನು ಕೇಳಿ: ಮಡಿಕೇರಿಯಿಂದ ವಿರಾಜಪೇಟೆ ತೆಂಕಣ ದಿಕ್ಕು, ಬೆಳಗ್ಗೆ ಬಿಸಿಲು ಎಡಕ್ಕೆ, ಸಂಜೆ ಬಲಕ್ಕೆ. ಕುಶಾಲನಗರದ ಕಡೆಗೆ ಮೂಡಣ, ಚಳಿಗಾಲದ ಬಿಸಿಲು ಬಲಗಡೆಯವರ ಮುಖಕ್ಕೆ. ಚಿತ್ರ ತೆಗೆಯುವವರು ನೆರಳಿನ ಕಡೆ, ಚಳಿಯವರು ಬಿಸಿಲಿನ ಕಡೆ.

ಮಳೆಗಾಲದಲ್ಲಿ ಹೊರಡುವುದಾದರೆ ಸೀಟಿಗಿಂತ ಮೊದಲು ಕಿಟಕಿಯ ಕೆಳಗಿನ ಅಂಚು ಮುಟ್ಟಿ ನೋಡಿ. ಒದ್ದೆ ಇದ್ದರೆ ಸೋರುತ್ತದೆ. ಕಕ್ಕಡದ (ನಮ್ಮ ಆಟಿ ತಿಂಗಳು, ಜುಲೈ-ಆಗಸ್ಟ್) ಮಳೆಯಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ಕಾವೇರಿ ಉಕ್ಕಿ ರಸ್ತೆಗೆ ಬರುವುದುಂಟು, ಘಾಟಿಗಳಲ್ಲಿ ಸಂಚಾರ ನಿಲ್ಲಿಸುವ ಆದೇಶವೂ ಬರುವುದುಂಟು. ಬೆಳಗ್ಗಿನ ಪತ್ರಿಕೆ ನೋಡಿಯೇ ಹೊರಡಿ.

ರೈಲು ಸೇರಿಸುವ ಎರಡು ಸುತ್ತು

ರೈಲು ಇಲ್ಲದ ಜಿಲ್ಲೆಯವರಿಗೆ ಒಂದು ಲಾಭ: ಯಾವ ಕಡೆ ಇಳಿದರೂ ರೈಲು ಸಿಗುತ್ತದೆ. ಒಂದು ಸುತ್ತು ಹೀಗೆ. ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಕಣ್ಣೂರು. ಅಲ್ಲಿಂದ ಮಂಗಳೂರಿಗೆ ರೈಲು, ಪಯ್ಯನ್ನೂರು, ಕಾಞಂಗಾಡು, ಕಾಸರಗೋಡು, ಕುಂಬಳೆ ಹಾದು. ಎಡಗಡೆ ಕೂರಿ, ಕುಂಬಳೆಯ ಹತ್ತಿರ ಸಮುದ್ರ ಹಳಿಯ ಪಕ್ಕಕ್ಕೇ ಬರುತ್ತದೆ, ಕೊನೆಗೆ ನೇತ್ರಾವತಿ ಸೇತುವೆ. ಮಂಗಳೂರಿನಿಂದ ಪುತ್ತೂರು, ಸುಳ್ಯದ ಮೇಲೆ ಸಂಪಾಜೆ ಹತ್ತಿ ಮಡಿಕೇರಿ. ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಆರಾಮ ಬೇಕಿದ್ದರೆ ಮಂಗಳೂರಿನಲ್ಲಿ ರಾತ್ರಿ ಕಳೆಯಿರಿ. ಸಂಪಾಜೆಯನ್ನು ಕತ್ತಲಲ್ಲಿ ಹತ್ತಿದರೆ ಅರ್ಧ ದುಡ್ಡು ದಂಡ.

ಇನ್ನೊಂದು ಕಷ್ಟದ ಸುತ್ತು, ಹಾಗಾಗಿ ಹೆಚ್ಚು ರುಚಿ. ಸೋಮವಾರಪೇಟೆಯಿಂದ ಶನಿವಾರಸಂತೆ, ಕೊಡ್ಲಿಪೇಟೆ ದಾಟಿ ಸಕಲೇಶಪುರ. ಅಲ್ಲಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿ.ಮೀ. ಹಳಿ, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50 ಮೀಟರ್ ಹೋದರೆ ಒಂದು ಮೀಟರ್ ಇಳಿಯುವ ಇಳಿಜಾರು. ಮೀಟರ್ ಗೇಜ್ ಇದ್ದ ಈ ಹಳಿಯನ್ನು 1996ರಲ್ಲಿ ಮುಚ್ಚಿ ಅಗಲ ಮಾಡಿ, ಪ್ರಯಾಣಿಕರ ರೈಲು ಮತ್ತೆ ಓಡಿಸಿದ್ದು 2007ರ ಡಿಸೆಂಬರಿನಲ್ಲಿ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ಸ್ಟೇಷನ್ನುಗಳ ಹೆಸರು ಕೇಳಿದರೇ ಸಾಕು ನನಗೆ. ಹಗಲು ಘಾಟಿ ಇಳಿಯುವ ರೈಲು ಕಡಿಮೆ. ಮೊದಲು ರೈಲಿನ ದಿನ, ಸಮಯ ನೋಡಿ, ಆಮೇಲೆ ಅದಕ್ಕೆ ಹೊಂದುವ ಬಸ್ಸು ಹುಡುಕಿ. ಉಲ್ಟಾ ಮಾಡಿದರೆ ಸಕಲೇಶಪುರದ ಪ್ಲಾಟ್‌ಫಾರ್ಮಿನಲ್ಲೇ ಸಂಜೆಯಾಗುತ್ತದೆ. ಸ್ಟೇಷನ್ ಇರುವುದು ನೆಟ್ಟಣದಲ್ಲಿ. ಸುಬ್ರಹ್ಮಣ್ಯಕ್ಕೆ ಹೋಗಿ, ಗುತ್ತಿಗಾರಿನ ದಾರಿಯಲ್ಲಿ ಸುಳ್ಯಕ್ಕೆ ಬಂದು, ಮಡಿಕೇರಿ ಬಸ್ಸು ಹಿಡಿಯಿರಿ.

ಇಷ್ಟೆಲ್ಲ ಬೇಡ, ಒಂದೇ ದಿನ ಇದೆ ಅನ್ನುವವರಿಗೆ: ಬೆಳಗ್ಗೆ ಏಳರ ಹೊತ್ತಿಗೆ ಮಡಿಕೇರಿಯ ಖಾಸಗಿ ನಿಲ್ದಾಣದಿಂದ ನಾಪೋಕ್ಲು ಮಾರ್ಗವಾಗಿ ಕಕ್ಕಬ್ಬೆ. ತಡಿಯಂಡಮೋಳು ಬೆಟ್ಟದ ಕೆಳಗೆ ಒಂದು ಬೆಲ್ಲದ ಕಾಫಿ. ಅಲ್ಲಿಂದ ವಿರಾಜಪೇಟೆ, ಮಧ್ಯಾಹ್ನದ ಊಟಕ್ಕೆ ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಕೋಳಿಸಾರು. ಊಟವಾದ ಮೇಲೆ ಅಮ್ಮತ್ತಿ, ಸಿದ್ದಾಪುರ, ಚೆಟ್ಟಳ್ಳಿ ಸುತ್ತುವ ಬಸ್ಸಿನಲ್ಲಿ ಮಡಿಕೇರಿ. ಸಿದ್ದಾಪುರದಲ್ಲಿ ತೋಟದ ಕೆಲಸ ಬಿಟ್ಟವರು ಹತ್ತುವ ಹೊತ್ತಾಗಿರುತ್ತದೆ, ಎದ್ದು ಜಾಗ ಕೊಡಿ. ನಿಂತುಕೊಂಡರೂ ಚೆಟ್ಟಳ್ಳಿಯ ಏರಿನಲ್ಲಿ ಬಾಗಿಲ ಕಡೆಯ ಕಿಟಕಿಯಿಂದ ಸಂಜೆ ಕಾಣುತ್ತದೆ. ಕಂಡಕ್ಟರು ಬೆಳಗ್ಗಿನವರೇ ಆಗಿದ್ದರೆ ಕೇಳುತ್ತಾರೆ: "ಏನು, ಇನ್ನೂ ಸುತ್ತುತ್ತಾ ಇದ್ದೀರಾ?"